ಡಾಂಗಲ್ ಇಲ್ಲದೆ ತೆರೆಯದ ಕನ್ನಡ

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕಗಳಿಗೆ ಜಾಗ ಮಾಡಿಕೊಟ್ಟಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ, ಹೀಗೆ ಐದು ಭಾಷೆಗಳು. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ತೆಲುಗು, ಬಂಗಾಳಿಗಳೂ ಇರಲಿಲ್ಲ ಎಂಬುದು ಸಮಾಧಾನ ಬೇಕಾದವರಿಗೆ ಒಂದು ಸಮಾಧಾನ.

ವಡೋದರಾದ ಫತೇಗಂಜ್, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಹತ್ತಿರದ ಬಡಾವಣೆ. ಅಲ್ಲಿ ಒಂದೇ ಕೋಣೆಯಲ್ಲಿರುವ ಇಬ್ಬರು ವಿದ್ಯಾರ್ಥಿನಿಯರನ್ನು ಊಹಿಸಿಕೊಳ್ಳಬಹುದು. ಒಬ್ಬಳು ಸೂರತ್‌ನವಳು, ಇನ್ನೊಬ್ಬಳು ಧಾರವಾಡದವಳು. ಇಬ್ಬರ ಕೈಯಲ್ಲೂ ಅದೇ ಕಿಂಡಲ್. ಸೂರತ್‌ನವಳಿಗೆ ಗುಜರಾತಿ ಪುಸ್ತಕದಂಗಡಿ ನಡೆದುಹೋಗುವಷ್ಟು ದೂರದಲ್ಲೇ ಇದೆ, ಈಗ ಕಿಂಡಲ್‌ನಲ್ಲೂ ಬಂತು. ಕನ್ನಡ ಪುಸ್ತಕದಂಗಡಿ ಎರಡು ರಾಜ್ಯದಾಚೆ ಇರುವ ಧಾರವಾಡದವಳಿಗೆ ಇ-ಪುಸ್ತಕದ ಅಗತ್ಯ ಹೆಚ್ಚು, ಆದರೆ ಅವಳಿಗೆ ಅದು ಸಿಗಲಿಲ್ಲ. ಹಾಗಂತ ಸೂರತ್‌ನವಳು ಗೆದ್ದಳು ಎನ್ನುವ ಹಾಗೂ ಇಲ್ಲ. ಅವಳು ದುಡ್ಡು ಕೊಟ್ಟು ಪಡೆದದ್ದು ಪುಸ್ತಕವಲ್ಲ, ಓದುವ ಪರವಾನಗಿ ಮಾತ್ರ. ಕಂಪನಿಯ ಷರತ್ತುಗಳಲ್ಲೇ ಹಾಗೆ ಬರೆದಿದೆ. ಓದಿ ಮುಗಿಸಿ ತಂಗಿಗೆ ಕೊಡೋಣವೆಂದರೆ ಆ ಕಡತ ಇನ್ನೊಂದು ಖಾತೆಯಲ್ಲಿ ತೆರೆಯುವುದಿಲ್ಲ. ಒಬ್ಬಳಿಗೆ ಬೀಗ ಹಾಕಿದ ಕಪಾಟು, ಇನ್ನೊಬ್ಬಳಿಗೆ ಕಪಾಟೇ ಇಲ್ಲ.

ಇಂಥ ಬೀಗ ಕನ್ನಡಕ್ಕೆ ಹೊಸದೇನಲ್ಲ. ಕಿಂಡಲ್ ಹುಟ್ಟುವುದಕ್ಕೆ ಹತ್ತಾರು ವರ್ಷ ಮೊದಲೇ ಬೀಗ ಬಿದ್ದಿತ್ತು. ಅದು ಬಿದ್ದದ್ದು ಪುಸ್ತಕಕ್ಕಲ್ಲ, ಅಕ್ಷರಕ್ಕೆ.

ಸೀಸದ ಮೊಳೆಗಳ ಕಾಲದಲ್ಲಿ ಅಚ್ಚುಕೂಟದ ಮಾಲೀಕ ಅಕ್ಷರಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಒಮ್ಮೆ ಕೊಂಡರೆ ಮೊಳೆ ಅವನದು. ಸವೆದರೆ ಕರಗಿಸಿ ಮತ್ತೆ ಎರೆಯಿಸಬಹುದು, ಪ್ರೆಸ್ ಮುಚ್ಚಿದರೆ ಇನ್ನೊಬ್ಬರಿಗೆ ಮಾರಬಹುದು, ಪಕ್ಕದ ಪ್ರೆಸ್‌ನಲ್ಲಿ ಒತ್ತಕ್ಷರ ಸಾಲದೆ ಬಂದರೆ ಒಂದು ಹಿಡಿ ಕಡ ಕೊಡಬಹುದು. ಮಾರಿದ ಫೌಂಡ್ರಿಯವನು ಆಮೇಲೆ ಬಂದು ‘ಈ ಮೊಳೆಯನ್ನು ಇನ್ನೊಂದು ಯಂತ್ರದಲ್ಲಿ ಬಳಸುವಂತಿಲ್ಲ’ ಎನ್ನುವ ಪ್ರಶ್ನೆಯೇ ಇರಲಿಲ್ಲ.

1980ರ ದಶಕದ ಕೊನೆಗೆ ಕಂಪ್ಯೂಟರ್ ಬಂತು. ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ತರಲು ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಮುಂದುವರಿಸಿತು. ಜಿಸ್ಟ್ ಎಂಬ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಕನ್ನಡ ಮೂಡುತ್ತಿತ್ತು. ಕಾರ್ಡ್ ಇಲ್ಲದಿದ್ದರೆ ಇಲ್ಲ. ಇದನ್ನು ಬೀಗ ಎನ್ನುವುದು ಅನ್ಯಾಯ, ಆಗಿನ ಯಂತ್ರಗಳ ಮಿತಿಯೇ ಅಷ್ಟಿತ್ತು. ಬೀಗ ಬಂದದ್ದು ಆಮೇಲೆ, ವಿಂಡೋಸ್ ಮತ್ತು ಪೇಜ್‌ಮೇಕರ್ ಜೊತೆಗೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸಿ-ಡ್ಯಾಕ್‌ನ ಐಎಸ್‌ಎಂ: 1990ರ ದಶಕದ ಡಿಟಿಪಿ ಅಂಗಡಿಗಳಲ್ಲಿ ಕೇಳಿಬರುತ್ತಿದ್ದ ಹೆಸರುಗಳಿವು. ಇಂಥ ತಂತ್ರಾಂಶ ಕೊಂಡರೆ ಸಿ.ಡಿ. ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ತುಂಡೂ ಬರುತ್ತಿತ್ತು. ಅದೇ ಡಾಂಗಲ್.

ಡಾಂಗಲ್ ಕೂರುತ್ತಿದ್ದುದು ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರಿನ ತಂತಿ ಸಿಕ್ಕಿಸುವ 25 ಪಿನ್ನಿನ ಕಿಂಡಿಯಲ್ಲಿ. ಮೊದಲು ಡಾಂಗಲ್, ಅದರ ಹಿಂದೆ ಪ್ರಿಂಟರಿನ ತಂತಿ. ಎರಡು ಕಂಪನಿಗಳ ತಂತ್ರಾಂಶ ಇಟ್ಟುಕೊಂಡವರು ಒಂದರ ಹಿಂದೆ ಒಂದು ಡಾಂಗಲ್ ಸಿಕ್ಕಿಸಿ, ಕಂಪ್ಯೂಟರಿಗೆ ಬಾಲ ಬೆಳೆಸಿ, ಗೋಡೆಯಿಂದ ಮೇಜನ್ನೇ ಅರ್ಧ ಅಡಿ ಮುಂದಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ತಂತ್ರಾಂಶ ಕೆಲಸ ಮಾಡುವಾಗ ಡಾಂಗಲ್ ಇದೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಿತ್ತು. ಸಿಗದಿದ್ದರೆ ಕನ್ನಡ ನಿಂತುಹೋಗುತ್ತಿತ್ತು. ಸುಲ್ತಾನಪೇಟೆಯ ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇದ್ದು ಡಾಂಗಲ್ ಒಂದೇ ಇದ್ದರೆ ಕನ್ನಡ ಟೈಪ್ ಮಾಡಲಾಗುತ್ತಿದ್ದುದು ಒಂದರಲ್ಲಿ. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆಯ ಗಿರಾಕಿಗಳು ಸಾಲುಗಟ್ಟಿದಾಗ, ಚುನಾವಣೆಯ ಕರಪತ್ರ ರಾತ್ರೋರಾತ್ರಿ ಆಗಬೇಕಾದಾಗ, ಡಾಂಗಲ್ ಕೈಕೊಟ್ಟರೆ ಗತಿಯಿಲ್ಲ. ಅದು ಅಂಗಡಿಯಲ್ಲಿ ದುರಸ್ತಿಯಾಗುವ ವಸ್ತುವಲ್ಲ, ನಕಲು ಮಾಡಲಾಗದಂತೆ ಮಾಡುವುದೇ ಅದರ ಕಸುಬು.

ಇಲ್ಲೊಂದು ತಮಾಷೆಯಿದೆ. ಆ ಕಾಲದ ಎಷ್ಟೋ ಅಂಗಡಿಗಳಲ್ಲಿ ವಿಂಡೋಸ್ ಕಳ್ಳಪ್ರತಿ, ಪೇಜ್‌ಮೇಕರ್ ಕಳ್ಳಪ್ರತಿ. ನ್ಯಾಯವಾಗಿ ದುಡ್ಡು ತೆತ್ತು ಕೊಂಡದ್ದು ಕನ್ನಡ ಒಂದನ್ನೇ. ಅಮೆರಿಕದ ದೊಡ್ಡ ಕಂಪನಿಗಳು ಕದ್ದವರನ್ನು ನೋಡಿಯೂ ನೋಡದಂತೆ ಇರಬಲ್ಲವು. ಒಂದು ಭಾಷೆಯ ಪುಟ್ಟ ಮಾರುಕಟ್ಟೆಯನ್ನು ನಂಬಿದ ಕಂಪನಿಗೆ ಆ ಐಷಾರಾಮ ಇರಲಿಲ್ಲ. ಇದನ್ನು ಒಪ್ಪಬೇಕು. ಒಂದು ಒಳ್ಳೆಯ ಕನ್ನಡ ಫಾಂಟ್ ಎಂದರೆ ಕಾಗುಣಿತ, ಒತ್ತು ಸೇರಿ ತಿಂಗಳುಗಟ್ಟಲೆ ಕೆಲಸ. ಒಬ್ಬ ಕೊಂಡು ಊರೆಲ್ಲ ಹಂಚಿದರೆ ಎರಡನೆಯ ಫಾಂಟ್ ಮಾಡುವವರು ಉಳಿಯುತ್ತಿರಲಿಲ್ಲ.

ಕಾನೂನೂ ಹೊತ್ತಿಗೆ ಸರಿಯಾಗಿ ಬಿಗಿಯಾಗಿತ್ತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ 1995ರ ಮೇನಲ್ಲಿ ಜಾರಿಗೆ ಬಂತು. ಕಳ್ಳಪ್ರತಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯಿದೆಯ 52ನೇ ಕಲಮು ಕೊಂಡವನ ಪರವಾಗಿ ಇನ್ನೊಂದು ಮಾತನ್ನೂ ಹೇಳುತ್ತದೆ: ಹಾಳಾದರೆ, ಕಳೆದುಹೋದರೆ ಇರಲೆಂದು ತಂತ್ರಾಂಶದ ಒಂದು ಕಾಪು ಪ್ರತಿ ಮಾಡಿಟ್ಟುಕೊಳ್ಳಬಹುದು. ಸಿ.ಡಿ.ಯ ಪ್ರತಿಯನ್ನೇನೋ ಮಾಡಬಹುದಿತ್ತು. ಡಾಂಗಲ್‌ನ ಪ್ರತಿ ಮಾಡುವುದು ಹೇಗೆ? ಕಾನೂನು ಕೊಟ್ಟ ಹಕ್ಕನ್ನು ಒಂದು ಪ್ಲಾಸ್ಟಿಕ್ ತುಂಡು ಸದ್ದಿಲ್ಲದೆ ವಾಪಸು ಪಡೆದಿತ್ತು, ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಪುರುಸೊತ್ತು ಡಿಟಿಪಿ ಅಂಗಡಿಯವನಿಗೆ ಎಲ್ಲಿತ್ತು?

ಡಾಂಗಲ್‌ನದು ಕಣ್ಣಿಗೆ ಕಾಣುವ ಬೀಗವಾದರೆ, ಕಾಣದ ಇನ್ನೊಂದು ಬೀಗ ಅದಕ್ಕಿಂತ ಹೆಚ್ಚು ಕಾಲ ಬಾಳಿತು.

ಆಗಿನ ಫಾಂಟುಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದವು. ಅಕ್ಷರವನ್ನು ಪೂರ್ತಿಯಾಗಿಯೂ ಅಲ್ಲ, ತಲೆಕಟ್ಟು, ಕೊಂಬು, ಒತ್ತು ಎಂದು ಚೂರು ಮಾಡಿ. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಏಳು ಗುರುತುಗಳು: ದೊಡ್ಡ ಪಿ, ತಲೆಯ ಮೇಲೆ ಗೀರುಳ್ಳ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀರಿನ ಎ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡ ಎಂಬುದು ಇಲ್ಲವೇ ಇಲ್ಲ, ಇರುವುದು ಪೌಂಡು ಮತ್ತು ಗೀರು. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟಿನ ಕಣ್ಕಟ್ಟು. ಕಂಪನಿಯಿಂದ ಕಂಪನಿಗೆ ಈ ಕಣ್ಕಟ್ಟು ಬೇರೆ. ಒಬ್ಬರ ತಂತ್ರಾಂಶದಲ್ಲಿ ಮಾಡಿದ ಪುಸ್ತಕವನ್ನು ಇನ್ನೊಬ್ಬರದರಲ್ಲಿ ತೆರೆದರೆ ಅದು ಓದಲು ಬಾರದ ಕಗ್ಗ. ಲೇಖಕ ತನ್ನ ಮುಂದಿನ ಪುಸ್ತಕವನ್ನು ಬೇರೆ ಪ್ರೆಸ್‌ಗೆ ಕೊಡಬಹುದು, ಆದರೆ ಹಿಂದಿನ ಪುಸ್ತಕದ ಕಡತವನ್ನು ಒಯ್ಯಲಾರ.

ಬೇರೆ ದಾರಿ ಇರಲಿಲ್ಲವೇ? ಇತ್ತು. 1991ರಲ್ಲಿ ಭಾರತೀಯ ಮಾನಕ ಬ್ಯೂರೊ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ಮಾನಕವಾಗಿ ಪ್ರಕಟಿಸಿತ್ತು. ಅದರಲ್ಲಿ ಸಂಖ್ಯೆ ಕೊಟ್ಟದ್ದು ಅಕ್ಷರದ ಚೂರಿಗಲ್ಲ, ಧ್ವನಿಗೆ. ಗುಜರಾತಿಯ ಕ, ಕನ್ನಡದ ಕ, ತಮಿಳಿನ ಕ, ಎಲ್ಲಕ್ಕೂ ಒಂದೇ ಸಂಖ್ಯೆ. ಅದೇ ವರ್ಷ ಹೊರಬಂದ ಯೂನಿಕೋಡ್, ಇಸ್ಕಿಯ 1988ರ ಕರಡನ್ನೇ ಇಟ್ಟುಕೊಂಡು ಭಾರತದ ಲಿಪಿಗಳಿಗೆ ಒಂದೊಂದು ಕೇರಿ ಹಂಚಿತು. ಆ ನಂಟು ಈಗಲೂ ಉಳಿದಿದೆ: ಯೂನಿಕೋಡ್‌ನಲ್ಲಿ ಗುಜರಾತಿ ಕ-ದ ಸಂಖ್ಯೆ 2709, ಕನ್ನಡ ಕ-ದ್ದು 3221. ನಡುವೆ 512ರ ಅಂತರ. ಬಹುಪಾಲು ಅಕ್ಷರಗಳಿಗೂ ಇದೇ ಲೆಕ್ಕ, ಎರಡು ಬೀದಿಗಳಲ್ಲಿ ಒಂದೇ ನಕ್ಷೆಯ ಮನೆಗಳು ಇದ್ದಂತೆ. ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿಗೂ ಗೊತ್ತಾಗಲಿಲ್ಲ. ಅಚ್ಚಿಗೆ ಬೇಕಾದದ್ದು ಕಾಗದದ ಮೇಲೆ ಚೆಂದ ಕಾಣುವ ಅಕ್ಷರ. ಕಡತದ ಒಳಗೆ ಏನಿದೆ ಎಂದು ಕೇಳುವ ಗಿರಾಕಿ ಯಾರೂ ಇರಲಿಲ್ಲ, ಆದ್ದರಿಂದ ಅದನ್ನು ಸರಿಮಾಡುವ ಆತುರ ಮಾರುವವರಿಗೂ ಇರಲಿಲ್ಲ.

ಡಾಂಗಲ್ ಹಂಗನ್ನು ಮುರಿದವರು ಹೊರಗಿನವರು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಕನ್ನಡವನ್ನು ಉಚ್ಚಾರದಂತೆ ಬೆರಳಚ್ಚು ಮಾಡುವ ಕೀಲಿಮಣೆ ವಿನ್ಯಾಸ ರೂಪಿಸಿದ್ದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಮ್ಮ ತಂತ್ರಾಂಶವನ್ನು ಅವರು ಬೆಲೆಯಿಲ್ಲದೆ ಹಂಚಿದರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಬಿಟ್ಟರು. ಇಂಟರ್‌ನೆಟ್‌ನಿಂದ ಇಳಿಸಿಕೊಂಡರೆ ಆಯಿತು, ಡಾಂಗಲ್ ಇಲ್ಲ, ಬೆಲೆ ಇಲ್ಲ. ಹೊರದೇಶದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಪತ್ರ ಬರೆಯಲು ಶುರುಮಾಡಿದ್ದು ಅದರಿಂದ. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಸರ್ಕಾರದ ಬೆಂಬಲ ಸಿಕ್ಕಿ ಕಚೇರಿ ಕಚೇರಿಗೂ ಹೋಯಿತು. ಕೆ.ಪಿ. ರಾಯರ ವಿನ್ಯಾಸವೇ ಸಣ್ಣ ಬದಲಾವಣೆಗಳೊಂದಿಗೆ ಸರ್ಕಾರದ ಕೀಲಿಮಣೆಯಾಯಿತು. ಪೂರ್ಣಚಂದ್ರ ತೇಜಸ್ವಿಯಂಥ ಲೇಖಕರು ಕಾದಂಬರಿಯ ಕೆಲಸ ಬದಿಗಿಟ್ಟು ಕನ್ನಡ ತಂತ್ರಾಂಶದ ಬಗ್ಗೆ ಜಗಳವಾಡಿದ ಕಾಲ ಅದು.

ನುಡಿ ಮತ್ತು ಬರಹ ಎರಡೂ ಒಂದೇ ಸಂಕೇತ ಬಳಸಿದ್ದು ದೊಡ್ಡ ಉಪಕಾರ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿತ್ತು. ಅದೇ ಉಪಕಾರ ಒಂದು ತೊಡಕನ್ನೂ ತಂದಿತು. ಬಿಟ್ಟಿಯಾಗಿ, ಸುಲಭವಾಗಿ ಸಿಕ್ಕಿದ್ದರಿಂದ ಎಲ್ಲರೂ ಅದರಲ್ಲೇ ಬರೆದರು. ಪೌಂಡು, ಗೀರುಗಳ ಕನ್ನಡ ರಾಶಿರಾಶಿ ಬೆಳೆಯಿತು. ಬೀಗದ ಕೈ ಎಲ್ಲರಿಗೂ ಹಂಚಿದ್ದಾಯಿತು, ಬೀಗ ಮಾತ್ರ ಬಾಗಿಲಲ್ಲೇ ಉಳಿಯಿತು.

2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಇತ್ತು. ಹಿಂದಿ, ತಮಿಳು ಅದರ ಹಿಂದಿನ ವಿಂಡೋಸ್ 2000ದಲ್ಲೇ ಬಂದಿದ್ದವು. ಕನ್ನಡ ಮತ್ತು ಗುಜರಾತಿ ಈ ಸಲ ಒಟ್ಟಿಗೆ ಬಂದವು, ಕನ್ನಡಕ್ಕೆ ‘ತುಂಗಾ’ ಫಾಂಟ್, ಗುಜರಾತಿಗೆ ‘ಶ್ರುತಿ’. ಅಂದರೆ 2001ರಲ್ಲಿ ಫತೇಗಂಜ್‌ನ ಸೈಬರ್ ಕೆಫೆಗೂ ಧಾರವಾಡದ ಸೈಬರ್ ಕೆಫೆಗೂ ಸೌಲಭ್ಯ ಸಮಸಮ, ತೊಂದರೆಯೂ ಸಮಸಮ. ಭಾರತೀಯ ಲಿಪಿಗಳ ಬೆಂಬಲ ತಾನಾಗಿ ಇರುತ್ತಿರಲಿಲ್ಲ, ಸೆಟ್ಟಿಂಗಿನೊಳಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕು, ಹಾಕಿದೊಡನೆ ಕಂಪ್ಯೂಟರ್ ವಿಂಡೋಸ್‌ನ ಮೂಲ ಸಿ.ಡಿ. ಕೇಳುತ್ತಿತ್ತು. ಕೆಫೆಯಲ್ಲಿ ಕೂತವನ ಬಳಿ ಸಿ.ಡಿ. ಎಲ್ಲಿಂದ ಬರಬೇಕು? ಕನ್ನಡ ಆ ಯಂತ್ರದಲ್ಲಿ ಇದ್ದೂ ಇಲ್ಲದಂತೆ ಇತ್ತು.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಆಸಕ್ತರು ಬರೆದರು, ಹಂಚಿದರು. ಅವು ಕೆಲಸ ಮಾಡುತ್ತವೆ, ಆದರೆ ಪೂರ್ತಿ ಅಲ್ಲ. ಅರ್ಕಾವೊತ್ತು ಜಾಗ ತಪ್ಪುತ್ತದೆ. ನಡುವೆ ಒಂದು ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡದ ಚೂರುಗಳೆಂದು ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಹಾಕುತ್ತದೆ. ಪುಸ್ತಕದುದ್ದಕ್ಕೂ ಮತ್ತೆ ಕರಡು ತಿದ್ದಬೇಕು. 500 ಪ್ರತಿ ಅಚ್ಚು ಹಾಕಿ ಮಾರಲು ಏದುಸಿರು ಬಿಡುವ ಪ್ರಕಾಶಕ, ಹತ್ತು ವರ್ಷದ ಹಿಂದಿನ ಕಥಾಸಂಕಲನವನ್ನು ಇ-ಪುಸ್ತಕ ಮಾಡಲೆಂದು ಎರಡನೆಯ ಸಲ ಕರಡು ತಿದ್ದಿಸುತ್ತಾನೆಯೇ? ಕಿಂಡಲ್ ಪಟ್ಟಿಯಲ್ಲಿ ಕನ್ನಡ ಇಲ್ಲದ್ದಕ್ಕೆ ಇದೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಗುಜರಾತಿ, ಮರಾಠಿಗಳೂ ಇದೇ ಡಾಂಗಲ್‌ಗಳ ಕಾಲವನ್ನು ದಾಟಿಯೇ ಬಂದವು. ಆದರೆ ಕನ್ನಡ ಪುಸ್ತಕಲೋಕ ಇ-ಪುಸ್ತಕದ ಬಾಗಿಲಿಗೆ ಬಂದಾಗ ಅದರ ಕೈ ಖಾಲಿಯಿದ್ದುದಕ್ಕೆ ದೊಡ್ಡ ಪಾಲು ಈ ಹಳೆಯ ಬೀಗದ್ದು.

ಇದರಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರ ಬಗ್ಗೆ ಮಾತು ಕಡಿಮೆ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಓದುವುದು ಪರದೆ ಓದುವ ತಂತ್ರಾಂಶದ ಸಹಾಯದಿಂದ. 2006ರಲ್ಲಿ ಶುರುವಾದ ಎನ್‌ವಿಡಿಎ ಎಂಬುದು ಬೆಲೆಯಿಲ್ಲದೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಕಡತದ ಒಳಗೆ ನಿಜವಾಗಿ ಇರುವುದನ್ನು. ನುಡಿಯಲ್ಲಿ ಮಾಡಿದ ಸರ್ಕಾರಿ ಸುತ್ತೋಲೆಯ ಮುಂದೆ ಕೂರಿಸಿದರೆ ಅದು ಪಿ, ಎ, ಪೌಂಡ್ ಎಂದು ಗೊಣಗುತ್ತದೆ. ಕಣ್ಣಿದ್ದವರಿಗೆ ಫಾಂಟಿನ ಕಣ್ಕಟ್ಟು ಸಾಕು, ಕಣ್ಣಿಲ್ಲದವರಿಗೆ ಕಣ್ಕಟ್ಟಿನಿಂದ ಏನು ಪ್ರಯೋಜನ? 2012ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ, ಅಂಗವಿಕಲರು ಓದುವಂಥ ರೂಪಕ್ಕೆ ಯಾವುದೇ ಕೃತಿಯನ್ನು ಬದಲಿಸಿಕೊಳ್ಳಲು ಅನುಮತಿ ಕೊಟ್ಟಿತು. ಅಂಧರಿಗಾಗಿ ಆದ ಮರಾಕೇಶ್ ಒಪ್ಪಂದವನ್ನು 2014ರ ಜೂನ್‌ನಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ. ಹಕ್ಕಿನ ಮಟ್ಟಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಕಡತದೊಳಗೆ ಪೌಂಡು ಇರುವವರೆಗೆ ಆ ಹಕ್ಕು ಕಾಗದದ ಮೇಲಿನದು.

ಅದೇ 2012ರ ತಿದ್ದುಪಡಿ ಡಿಜಿಟಲ್ ಬೀಗಗಳಿಗೆ ಮೊದಲ ಸಲ ಕಾನೂನಿನ ಬಲವನ್ನೂ ಕೊಟ್ಟಿತು. 65ಎ ಕಲಮಿನ ಪ್ರಕಾರ, ಕೃತಿಸ್ವಾಮ್ಯ ಮುರಿಯುವ ಉದ್ದೇಶದಿಂದ ಬೀಗ ಒಡೆದರೆ 2 ವರ್ಷದವರೆಗೆ ಜೈಲು ಮತ್ತು ದಂಡ. ಇಲ್ಲಿ ‘ಉದ್ದೇಶದಿಂದ’ ಎಂಬ ಮಾತೇ ಮುಖ್ಯ. ಅಮೆರಿಕದ 1998ರ ಕಾನೂನಿನಲ್ಲಿ ಒಡೆಯುವುದೇ ತಪ್ಪು, ಯಾತಕ್ಕೆ ಎಂಬುದು ಆಮೇಲಿನ ಮಾತು. ಭಾರತದ ಕಾನೂನು ತಾನು ಕೊಂಡ ಪುಸ್ತಕವನ್ನು ನ್ಯಾಯವಾದ ಕಾರಣಕ್ಕೆ ತೆರೆದುಕೊಳ್ಳುವವನನ್ನು ಕಳ್ಳ ಎನ್ನುವುದಿಲ್ಲ. ಆದರೆ ಅವನಿಗೆ ಬೀಗ ತೆಗೆದುಕೊಡುವವರು ಅವನ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು ಎನ್ನುತ್ತದೆ. ನಕಲಿ ಬೀಗದ ಕೈ ಮಾಡಿಕೊಡುವವನೂ ಹಾಗೆಲ್ಲ ಲೆಕ್ಕ ಇಡುವುದಿಲ್ಲ!

ಕಿಂಡಲ್ ಬಾಗಿಲು ತೆರೆಯದ ಮೇಲೆ ಕನ್ನಡದವರು ಸುಮ್ಮನೆ ಕೂರಲಿಲ್ಲ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳು ಬಂದವು, 2020ರಲ್ಲಿ ಮೈಲ್ಯಾಂಗ್ ಶುರುವಾಯಿತು, ಋತುಮಾನದವರು ತಮ್ಮದೇ ಆ್ಯಪ್ ತಂದರು. ಧಾರವಾಡದ ವಿದ್ಯಾರ್ಥಿನಿ ಫತೇಗಂಜ್‌ನಲ್ಲಿ ಕೂತು ಹೊಸ ಕನ್ನಡ ಕಾದಂಬರಿ ಓದುವುದು ಸಾಧ್ಯವಾದದ್ದು ಇಂಥವರಿಂದ. ಆದರೆ ಆ್ಯಪ್‌ನಲ್ಲಿ ಕೊಂಡ ಪುಸ್ತಕ ಇರುವುದು ಆ್ಯಪ್‌ನ ಒಳಗೆ. ಆ್ಯಪ್ ಇರುವವರೆಗೆ ಪುಸ್ತಕ ಇರುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಗಿರಾಕಿಗಳು ಕೊಂಡಿದ್ದ ಪುಸ್ತಕಗಳೂ ಅದರೊಂದಿಗೆ ಮುಚ್ಚಿಹೋದವು. ಹಣವೇನೋ ವಾಪಸು ಬಂತು. ಅಷ್ಟು ದೊಡ್ಡ ಕಂಪನಿಗೆ ಹಣ ವಾಪಸು ಕೊಡುವ ಶಕ್ತಿಯಿತ್ತು.

ಫತೇಗಂಜ್‌ನಿಂದ ಆಟೋ ಹಿಡಿದು ಹಳೆಯ ಊರಿನ ಮಾಂಡವಿ ಕಡೆ ಹೋದರೆ ಸೆಂಟ್ರಲ್ ಲೈಬ್ರರಿ ಸಿಗುತ್ತದೆ. ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳನ್ನು ನೋಡಿ ಬಂದು, 1910ರಲ್ಲಿ ವಿಲಿಯಂ ಬಾರ್ಡನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಬರೋಡಾಕ್ಕೆ ಕರೆಸಿಕೊಂಡಿದ್ದರು. ಮೂರು ವರ್ಷದಲ್ಲಿ ಆತ ಊರೂರಿಗೆ ಗ್ರಂಥಾಲಯದ ಜಾಲ ಹಾಸಿದ. ಗ್ರಂಥಾಲಯ ಇಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಯಲ್ಲಿ ಪುಸ್ತಕಗಳು ಹೋಗುತ್ತಿದ್ದವು, ಸಾಗಣೆಯ ಖರ್ಚು ಸಂಸ್ಥಾನದ್ದು. ಹಳ್ಳಿಯವರು ಓದಿದ ಮೇಲೆ ಆ ಪೆಟ್ಟಿಗೆ ವಾಪಸಾಗಿ ಇನ್ನೊಂದು ಬರುತ್ತಿತ್ತು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇಲೆ ನಿಂತ ವ್ಯವಸ್ಥೆಯದೂ ಇದೇ ತರ್ಕ: ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟು, ಪುಸ್ತಕ ಪುಕ್ಕಟೆ ಓದು. ಸಗಟು ಖರೀದಿಯಲ್ಲಿ ಕೊಂಡ ಒಂದು ಪ್ರತಿಯನ್ನು ಹೊಸನಗರದಲ್ಲೋ ಹುನಗುಂದದಲ್ಲೋ ಇಪ್ಪತ್ತು ವರ್ಷ ಕಾಲ ಯಾರು ಬೇಕಾದರೂ ಎರವಲು ಒಯ್ಯಬಹುದು. ಪ್ರಕಾಶಕನನ್ನು ಯಾರೂ ಕೇಳುವುದಿಲ್ಲ. ಇ-ಪುಸ್ತಕದ ಪರವಾನಗಿಯಲ್ಲಿ ‘ಎರವಲು’ ಎಂಬ ಪದಕ್ಕೆ ಜಾಗವಿಲ್ಲ.

ಇತ್ತ ಅಚ್ಚಿನ ಅಂಗಡಿಗಳಲ್ಲಿ ಡಾಂಗಲ್ ತಾನೇ ಅನಾಥವಾಯಿತು. ಹೊಸ ಕಂಪ್ಯೂಟರುಗಳಿಗೆ 25 ಪಿನ್ನಿನ ಕಿಂಡಿ ಇಲ್ಲ. ಯುಎಸ್‌ಬಿ ಡಾಂಗಲ್ ಬಂದದ್ದಾಯಿತು, ಆಮೇಲೆ 64 ಬಿಟ್ ವಿಂಡೋಸ್ ಹಳೆಯ ಡ್ರೈವರುಗಳನ್ನು ಒಪ್ಪಲಿಲ್ಲ. ಆದ್ದರಿಂದ ಎಷ್ಟೋ ಕಡೆ ಒಂದು ಮೂಲೆಯಲ್ಲಿ ಹಳದಿ ತಿರುಗಿದ ಎಕ್ಸ್‌ಪಿ ಯಂತ್ರವೊಂದನ್ನು ಬೆನ್ನಿಗೆ ಡಾಂಗಲ್ ಸಮೇತ ಉಳಿಸಿಕೊಂಡಿರುತ್ತಾರೆ, ಹಳೆಯ ಪೇಜ್‌ಮೇಕರ್ ಕಡತ ಕೇಳಿಕೊಂಡು ಯಾರಾದರೂ ಬರಬಹುದೆಂದು. ಬರುತ್ತಾರೆ ಕೂಡ. 1997ರಲ್ಲಿ ಅಚ್ಚಾದ ಪುಸ್ತಕಕ್ಕೆ ಮರುಮುದ್ರಣ ಬೇಕು, ಸಿ.ಡಿ. ಇದೆ, ಕಡತ ಇದೆ, ಫಾಂಟ್ ಕೇಳುವ ಡಾಂಗಲ್ ಇಲ್ಲ. ಆಗ ಮಾಡುವುದು ಒಂದೇ ಕೆಲಸ. ಆಪರೇಟರ್ ಹಳೆಯ ಅಚ್ಚಾದ ಪ್ರತಿಯನ್ನು ಕಂಪ್ಯೂಟರಿನ ಪಕ್ಕ ನಿಲ್ಲಿಸಿ, ಪುಟ ಮಗುಚಿಕೊಳ್ಳದಂತೆ ಕ್ಲಿಪ್ ಹಾಕಿ, ಮೊದಲ ಸಾಲಿನಿಂದ ಮತ್ತೆ ಟೈಪ್ ಮಾಡುತ್ತಾನೆ.